ನಾಟಿ ಹಾಡಿನ ಇನ್ನೂರು ಪ್ರತಿ

ಕಂಟ್ರಿ ಅಂದರೆ ನಾಟಿಯಾ ಮೇಡಂ, ಅಂತ ಕೇಳಿದ್ದೆ
ಮೊದಲ ದಿನ. ನಾಟಿ ಕೋಳಿ, ನಾಟಿ ವೈದ್ಯ ಗೊತ್ತಿತ್ತು,
ನಾಟಿ ಹಾಡು ಗೊತ್ತಿರಲಿಲ್ಲ.
ಮಾರ್ಲೀನ್ ಹಿಗಿನ್ಸ್ ನಕ್ಕರು. 'ಅದೇ ಕಣಪ್ಪಾ,
ಮೂಳೆ ಜಾಸ್ತಿ, ಬೇಯೋದು ನಿಧಾನ.'

ಲಿಂಗರಾಜಪುರದ ಫ್ಲೈಓವರ್ ಪಕ್ಕ ನನ್ನ ಸ್ಟುಡಿಯೋ.
ಗೋಡೆಗೆ ಮೊಟ್ಟೆ ಟ್ರೇ, ಅದರ ಮೇಲೆ ಕಂಬಳಿ.
ಹಗಲು ಚಿನ್ನದಂಗಡಿಯ ಜಾಹೀರಾತು,
ರಾತ್ರಿ ಯಾವುದೋ ಅಮ್ಮನ ಮೇಲಿನ ಭಕ್ತಿಗೀತೆ.
ನಡುವೆ ಬುಧವಾರದ ಸಂಜೆ ಎರಡು ಗಂಟೆ ಇವರಿಗೆ:
ಟೆಲಿಫೋನ್ ಫ್ಯಾಕ್ಟರಿಯ ಪಿಂಚಣಿಯಲ್ಲಿ
ಗಂಟೆಗೆ ನಾನೂರರ ಲೆಕ್ಕ, ಸಣ್ಣ ಡೈರಿಯಲ್ಲಿ ಬರೆದು
ನನ್ನ ಸಹಿ ಹಾಕಿಸಿಕೊಂಡು.

ಗಿಟಾರು ಅಪ್ಪನದು. ಕೋಲಾರದ ಗಣಿಯಲ್ಲಿ
ಕಬ್ಬಿಣದ ಪಂಜರ ಇಳಿಸುವ ಎಂಜಿನ್ನಿಗೆ ಕೂತವನು;
ಎಷ್ಟು ಜನ ಇಳಿದರು, ಎಷ್ಟು ಜನ ಹತ್ತಿದರು
ಎಣಿಸುವುದೇ ಅವನ ಪ್ರಾರ್ಥನೆಯಾಗಿತ್ತಂತೆ.
ಮೂರನೇ ಹಾಡು ಪೂರ್ತಿ ಬರೀ ಎಣಿಕೆ.
ಮೂವತ್ತೆಂಟು, ಮೂವತ್ತೆಂಟು, ಮೂವತ್ತೇಳು,
ಅಲ್ಲಿಗೆ ದನಿ ನಿಲ್ಲುತ್ತದೆ. ತಂತಿ ಮಾತ್ರ ಮುಂದೆ ಹೋಗುತ್ತದೆ.
ನಾನು ಹೆಡ್‌ಫೋನು ತೆಗೆದಿಟ್ಟು
ಟೀ ತರಲು ಹೋದೆ. ಯಾರೂ ಕೇಳಿರಲಿಲ್ಲ.

ಸ್ಟೀಲ್ ಗಿಟಾರಿಗೆ ಬಂದವನು ತಿಮ್ಮರಾಯಪ್ಪ,
ಗಣೇಶನ ಪೆಂಡಾಲುಗಳ ಆರ್ಕೆಸ್ಟ್ರಾದವನು.
ಅವನಿಗೆ ಇಂಗ್ಲಿಷು ಬರದು, ಅವರಿಗೆ ಸ್ವರದ ಹೆಸರು ಬರದು.
'ಇಲ್ಲಿ ಸ್ವಲ್ಪ ಅಳ್ಬೇಕು' ಅನ್ನುವರು. 'ಎಷ್ಟು ಮೇಡಂ?'
'ಬಸ್ಸು ತಪ್ಪಿದಷ್ಟು. ಗಂಡ ಸತ್ತಷ್ಟು ಬೇಡ.'
ಸರಿಯಾಗಿ ಅಷ್ಟೇ ಅಳುತ್ತಿತ್ತು ತಂತಿ.

ಏಳನೆಯದಕ್ಕೆ ರೈಲಿನ ಸದ್ದು ಬೇಕಿತ್ತು.
ಬೆಳಗಿನ ನಾಲ್ಕೂವರೆಗೆ ಬೈಯಪ್ಪನಹಳ್ಳಿ ಸೇತುವೆ ಮೇಲೆ
ಮೂವರೂ ಮೈಕು ಹಿಡಿದು ನಿಂತೆವು. ರೈಲು ತಡ.
ಸಿಕ್ಕಿದ್ದು ನಾಯಿ, ಹಾಲಿನ ಕ್ರೇಟುಗಳ ಗಲಗಲ,
ಪೊಲೀಸಿನವನ 'ಏನ್ರೀ ಇದು?', ಆಮೇಲೆ
ಸೈಕಲ್ಲು ತಳ್ಳುತ್ತಾ ಬಂದ ಹೆಂಗಸಿನ
'ಸೊಪ್ಪೋ, ದಂಟು, ಸಬ್ಬಸಿಗೇ...'
ಹಾಡಿನ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ.
ಅದನ್ನೇ ಇಟ್ಟೆವು. ರೈಲು ಬರುವಾಗ
ಬ್ಯಾಟರಿ ಮುಗಿದಿತ್ತು.

ಬಿಡುಗಡೆ ಅನ್ನುತ್ತೇವೆ ನಾವು;
ಜೈಲಿನಿಂದ ಬಂದವನಿಗೂ ಹೊಸ ಹಾಡಿಗೂ ಅದೇ ಪದ.
ಚರ್ಚಿನ ಪಕ್ಕದ ಹಾಲು, ಶನಿವಾರ,
ಅದೇ ಸಂಜೆ ಊರಿಗೆಲ್ಲ ಕ್ರಿಕೆಟ್ಟು.
ಎಪ್ಪತ್ತು ಕುರ್ಚಿ, ಇಪ್ಪತ್ತಮೂರು ಜನ,
ಅದರಲ್ಲಿ ನಾಲ್ವರು ಕುರ್ಚಿ ಬಾಡಿಗೆಯವರು,
ವಾಪಸು ಒಯ್ಯಲು ಕಾದು ಕೂತವರು.
ಎರಡನೇ ಹಾಡಿಗೆ ಕರೆಂಟು ಹೋಯಿತು.
ಮೈಕಿಲ್ಲದ ಆ ದನಿ ಎಷ್ಟು ದೊಡ್ಡದೆಂದು
ಹನ್ನೊಂದು ತಿಂಗಳು ಗಾಜಿನ ಈಚೆ ಕೂತ ನನಗೆ
ಗೊತ್ತೇ ಇರಲಿಲ್ಲ.
ಕುರ್ಚಿಯ ಹುಡುಗನೊಬ್ಬ ಪ್ಲಾಸ್ಟಿಕ್ಕಿನ ಬೆನ್ನಿಗೆ ತಾಳ ಹಾಕಿದ,
ತಪ್ಪು ತಾಳ.
ಅವರು ಹಾಡನ್ನೇ ಅತ್ತ ತಿರುಗಿಸಿಕೊಂಡರು.

ಹದಿನಾಲ್ಕು ಮಾರಿದವು. ಒಂದು ಮರುದಿನ ವಾಪಸು,
ಹಾಕಿ ಕೇಳಲು ಮನೆಯಲ್ಲಿ ಮಿಷನ್ನಿಲ್ಲ, ದುಡ್ಡು ಇರಲಿ, ಅಂತ.
ಫೋನಿಗೂ ಏರಿಸಿದ್ದೇವೆ. ಕೇಳಿದ್ದು ನಲವತ್ತೊಂದು ಸಲ,
ಅದರಲ್ಲಿ ಒಂಬತ್ತು ನನ್ನದೇ.
ಪರ್ತ್‌ನಿಂದ ಮಾವನ ಮಗಳು ಮೂರು ಸಲ ಕೇಳಿ
ಅಳುವ ಮುಖ ಕಳಿಸಿದ್ದಾಳೆ.

ಮೊನ್ನೆ ಬಾಕಿ ಲೆಕ್ಕಕ್ಕೆಂದು ಅವರ ಮನೆಗೆ ಹೋದರೆ
ಎದುರಿನ ಬಾಲ್ಕನಿಯಲ್ಲಿ, ದಾರಕ್ಕೆ ಕಟ್ಟಿ,
ನಮ್ಮದೇ ಸಿ.ಡಿ. ತೂಗುತ್ತಿದೆ, ಪಾರಿವಾಳ ಓಡಿಸಲು.
ನನಗೆ ಸಿಟ್ಟು. 'ಕೂತ್ಕೊಳಯ್ಯ' ಅಂದರು,
'ಕಾಸು ಕೊಟ್ಟು ತಗೊಂಡಿದಾಳೆ. ತಿರುಗ್ತಾ ಇದೆಯಲ್ಲ, ನೋಡು.'
ಬಿಸಿಲಿನ ಚೂರೊಂದು ನಮ್ಮ ಗೋಡೆಗೆ ಬಂದು
ಕ್ಯಾಲೆಂಡರು, ಏಸು, ಅಪ್ಪನ ಗಣಿಯ ಟೋಪಿ
ಹಾದುಹೋಯಿತು, ಮತ್ತೆ ಬಂತು.
ಪಾರಿವಾಳ ಹೆದರಿರಲಿಲ್ಲ. ಕಂಬಿಯ ಮೇಲೆ
ಜೋಡಿಯಾಗಿ ಕೂತು ಕತ್ತು ಓರೆ ಮಾಡಿದ್ದವು.

'ಇಪ್ಪತ್ತನಾಲ್ಕು, ಇಪ್ಪತ್ತೈದು' ಅಂದರು ಮಾರ್ಲೀನ್,
ಡೈರಿ ತೆಗೆದು, ಸಹಿಗೆ
ಪೆನ್ನು ನನ್ನ ಕಡೆ ಉರುಳಿಸಿ.