ಕಪ್ಪು ಮೂರು

ಕೋತ್ಕಾ ಬಂದರಿನಲ್ಲಿ ಸಮುದ್ರ ಈಗ ಬಿಗಿದು ಕಟ್ಟಿದ ತೊಗಲು.
ಕ್ರೇನುಗಳು ಕೆಲಸವಿಲ್ಲದೆ ಕತ್ತು ನೀಡಿ ನಿಂತಿವೆ.
ಸಿರ್ಕಾ ಬೂಟು ಬಿಚ್ಚಿ, ಒದ್ದೆ ಕೈಗವಸು ಹೀಟರಿನ ಮೇಲಿಟ್ಟು
ನನ್ನ ಅಡುಗೆಮನೆಯ ಮೇಜಿಗೆ ಬಂದು ಕೂತಳು:
"ಹೇಳು ತೌನೊ, ಶನಿವಾರಕ್ಕೆ ಎಷ್ಟು?"

ಹದಿನೆಂಟು. ಮೂರು ಕಂತು.
ನಡುವೆ ಒಂದು ಸಲ ಕಾಫಿ, ಒಂದು ಸಲ ಲಾಟರಿ.
ಹಡಗುಕಟ್ಟೆ ಕೆಲಸಗಾರರ ಸಂಘದ ಹಾಲಿನಲ್ಲಿ
ಬಹುಮಾನ ಯಾವತ್ತೂ ಹೊಗೆಯಲ್ಲಿ ಬೆಂದ ಒಂದು ಹಂದಿತೊಡೆ.

ನಾವಿಬ್ಬರೇ. ಒಂದು ಗಂಟಲು, ಒಂದು ಕೀಬೋರ್ಡು.
ಬಲಗೈ ನನ್ನದು. ಎಡಗೈ ಹದಿನೈದು ವರ್ಷದಿಂದ
ಬಾಸ್ ಗಿಟಾರಿಗೆ ಬಾಡಿಗೆಗೆ ಹೋಗಿದೆ.
ಡ್ರಮ್ಮಿನವನು ಪೆಟ್ಟಿಗೆಯೊಳಗಿದ್ದಾನೆ:
ಕುಡಿಯುವುದಿಲ್ಲ, ಸಂಬಳ ಕೇಳುವುದಿಲ್ಲ,
ಯಾರಿಗೂ ಕಾಯುವುದಿಲ್ಲ.
ಸಿರ್ಕಾ ಉಸಿರಿಗೆಂದು ಅರೆಗಳಿಗೆ ತಡೆದರೆ
ಅವನಾಗಲೇ ಮುಂದಿನ ತಿರುವಿನಲ್ಲಿ.

ಪಟ್ಟಿ ಮಾಡುವುದೆಂದರೆ ಆರಿಸುವುದಲ್ಲ, ಬಿಡುವುದು.
ಹನ್ನೊಂದು ವಾದ್ಯ ಹೊತ್ತು ತಂದ ಹಾಡು
ಎರಡೇ ಹೆಗಲ ಮೇಲೆ ನಿಂತೀತೇ ಎಂದು
ಬೆರಳ ಗೆಣ್ಣಿನಿಂದ ಬಡಿದು ನೋಡುವುದು,
ಮಡಕೆ ಕೊಳ್ಳುವವರ ಹಾಗೆ.
ಕೆಲವು ಠಣ್ಣೆನ್ನುತ್ತವೆ.
ಕೆಲವಕ್ಕೆ ಎಂದೋ ಸೀಳು ಬಿಟ್ಟಿದೆ,
ಇಷ್ಟು ದಿನ ಪಿಟೀಲುಗಳು ಮುಚ್ಚಿಟ್ಟಿದ್ದವು, ಅಷ್ಟೆ.

ಬೇಸಿಗೆಯ ವಾಲ್ಟ್ಸ್ ಇರಲಿ, ಮುದುಕರು ಏಳುತ್ತಾರೆ.
ಆ ಓಟದ್ದು ಬೇಡ. ಪಿರ್ಕ್ಕೊಗೆ ಹೊಸ ಮಂಡಿ ಹಾಕಿದ್ದಾರೆ,
ಅದು ಶುರುವಾದರೆ ಅವಳು ಕೂರುವವಳಲ್ಲ.
ಇಂಗ್ಲಿಷಿನದು ಒಂದು, ಯುವಕರಿಗೆ.
"ಯಾವ ಯುವಕರು?"
"ಬಾಗಿಲಲ್ಲಿ ಟಿಕೆಟ್ ಹರಿಯುವ ಹುಡುಗ."
"ಸರಿ, ಒಂದು."

ಆಮೇಲೆ ಶ್ರುತಿಯ ಮಾತು.
ಹೆಂಗಸಿನ ವಯಸ್ಸು ಕೇಳಿದ ಹಾಗೆ, ಕೇಳದ ಹಾಗೆ ಕೇಳಬೇಕು.
ಬಿಳಿ ಆರರಲ್ಲಿ ಹಾಲನ್ನು ಎತ್ತಿ ನಿಲ್ಲಿಸುತ್ತಿದ್ದವಳು
ಹೋದ ಚಳಿಗಾಲ ಬಿಳಿ ಐದಕ್ಕೆ ಇಳಿದಳು.
ನಾನು ಏನೂ ಹೇಳದೆ ಇಳಿಸುವ ಬಟನ್ ಹುಡುಕಿದೆ,
ಅದರ ಕೆಂಪು ದೀಪಕ್ಕೆ ಹೆಬ್ಬೆರಳು ಅಡ್ಡ ಇಟ್ಟು.
ಅವಳು ನೋಡಿಯೇ ಬಿಟ್ಟಳು.
"ಇನ್ನೊಂದು," ಅಂದಳು,
ಕಾಫಿಗೆ ಸಕ್ಕರೆ ಕೇಳಿದ ಹಾಗೆ.

ಕಪ್ಪು ಮೂರು.
ತಗ್ಗಿನಲ್ಲಿ ದನಿಗೆ ನೆಲ ಸಿಕ್ಕಿತು.
ಮೇಲೆ ಹೊಳೆಯುತ್ತಿದ್ದ ಮಾತು
ಇಲ್ಲಿ ಬರಿ ಮಾತಾಗಿ ಕೇಳಿಸಿತು, ನಂಬಬಹುದಾಗಿತ್ತು.

ಉಳಿದದ್ದು ರೇಯೊನ ಟ್ಯಾಂಗೊ.
ರೇಯೊ ಸತ್ತಿಲ್ಲ, ಅಷ್ಟು ಸುಲಭವಾಗಿ ಮುಗಿಯಲಿಲ್ಲ.
ಸಿರ್ಕಾಳ ತಂಗಿಯ ಜೊತೆ ಸ್ಪೇನಿನಲ್ಲಿ ನಿಂಬೆ ಬೆಳೆಯುತ್ತಾನೆ.
ಎರಡನೇ ಚರಣದ ಬೆನ್ನಿಗೆ ಎಂಟು ಸುತ್ತು
ಅವನ ಅಕಾರ್ಡಿಯನ್ನಿನ ಜಾಗ.
"ನನ್ನಲ್ಲಿದೆ," ಅಂದೆ, "ಇಪ್ಪತ್ತೆರಡನೇ ಸದ್ದು. ಹೆಸರೇ ಅಕಾರ್ಡಿಯನ್."
"ಅದು ಉಸಿರಾಡುವುದಿಲ್ಲ."
"ಪಿಯಾನೊ?"
"ಅದು ಸಮಾಧಾನ ಹೇಳುತ್ತೆ. ಬೇಡ."
ಪೆನ್ಸಿಲಿನಲ್ಲಿ ಹೊಡೆದು ಹಾಕಿದಳು. ಹದಿನೇಳು.

ಶನಿವಾರ, ಲಾಟರಿಗೆ ಮುಂಚೆ,
ಕಾಫಿ ಕಲೆಯ ಕಾಗದದ ಕರವಸ್ತ್ರವೊಂದು ವೇದಿಕೆಗೆ ಬಂತು.
ಪಿರ್ಕ್ಕೊಳ ಅಕ್ಷರ. ಅದೇ ಟ್ಯಾಂಗೊ.
ಸಿರ್ಕಾ ಓದಿದಳು, ನಾಲ್ಕು ಮಡಿಕೆ ಮಾಡಿದಳು,
ನನ್ನ ಕಿವಿಗೆ ಬಗ್ಗಿದಳು:
"ಕಪ್ಪು ಮೂರು. ಪೆಟ್ಟಿಗೆಯವನನ್ನು ಮಲಗಿಸು."

ಎಂಟು ಸುತ್ತು ಬಂದವು.
ನಾನು ಎರಡೂ ಕೈ ತೊಡೆಯ ಮೇಲಿಟ್ಟೆ.
ಹಲಗೆನೆಲದ ಮೇಲೆ ಪಾದಗಳ ಉಜ್ಜು,
ಯಾರದೋ ಮೊಣಕಾಲಿನ ಲಟಕು,
ಕೋಟುಗಳ ಹತ್ತಿರ ಹೀಟರಿನ ಗೊರಗೊರ.
ಯಾರೂ ನಿಲ್ಲಲಿಲ್ಲ.
ಐದು, ಆರು, ಎಣಿಸುತ್ತಿದ್ದೆ,
ಆರಕ್ಕೇ ಅವಳು ಮತ್ತೆ ಹಾಡಿಗೆ ಬಂದುಬಿಟ್ಟಳು.
ಎರಡು ಸುತ್ತು ಮೊದಲೇ.
ತಪ್ಪೋ, ಬೇಕೆಂದೋ, ಕೇಳಿಲ್ಲ.
ಬಸ್ಸಿನ ಹಿಂದೆ ಓಡುವವನ ಹಾಗೆ ಎಡಗೈ ಎಡವುತ್ತ ಓಡಿದೆ.

ಹಂದಿತೊಡೆ ಟಿಕೆಟ್ ಹುಡುಗನಿಗೆ ಬಂತು.
ಮುಂದಿನ ತಿಂಗಳ ಪಟ್ಟಿ ನನ್ನ ಫ್ರಿಜ್ಜಿನ ಮೇಲಿದೆ.
ಟ್ಯಾಂಗೊದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾಳೆ:
ಆರು.