ಮಾಯದಿರಲಿ

ಮೊದಲು ಟವೆಲಿನಲ್ಲಿ ಸುತ್ತಬೇಕು, ಕೂಸನ್ನು ಸುತ್ತಿದ ಹಾಗೆ,
ಕಿವಿ ಎರಡೂ ಬೆನ್ನಿಗೆ ಒರಗಿಸಿ.
ಹಿಂಗಾಲು ಸಡಿಲ ಬಿಟ್ಟರೆ ಒದ್ದು, ತನ್ನ ಬೆನ್ನುಮೂಳೆ
ತಾನೇ ಮುರಿದುಕೊಳ್ಳುತ್ತದೆ ಮೊಲ.
ಇದನ್ನು ಪುಸ್ತಕ ಕಲಿಸಲಿಲ್ಲ ನನಗೆ,
ಹನ್ನೊಂದು ವರ್ಷದ ಹಿಂದಿನ ಒಂದು ಸದ್ದು ಕಲಿಸಿತು.

ನ್ಯೂಜಿಲೆಂಡ್ ಬಿಳಿ ಎಂದು ತಳಿಯ ಹೆಸರು.
ಹುಟ್ಟಿದ್ದು ಫ್ರಾನ್ಸಿನ ಯಾವುದೋ ಶೆಡ್ಡಿನಲ್ಲಿ,
ಕುವೊಪಿಯೊಗೆ ಬಂದದ್ದು ಲಾರಿಯಲ್ಲಿ, ಜನವರಿಯ ಕತ್ತಲಲ್ಲಿ.
ಹುಲ್ಲೆಂದರೆ ಒಣಗಿದ್ದು, ಅಷ್ಟೇ ಗೊತ್ತು ಅದಕ್ಕೆ.
ಕಿವಿಯೊಳಗೆ ಹಚ್ಚೆ: ಹದಿನೇಳು.
ಹೆಸರಿಡಬೇಡ ಎಂದಿದ್ದೆ, ಹೊಸ ಹುಡುಗಿ ಪಿಹ್ಲಾಗೆ.
ಮೂರನೇ ದಿನಕ್ಕೇ ಅದು ಮುಸ್ತಿಕ್ಕ,
ಅವಳಜ್ಜಿ ಕಾಡಿನಲ್ಲಿ ಬಿಡಿಸುವ ನೀಲಿಗಪ್ಪು ಹಣ್ಣು.
ಕೆಂಗಣ್ಣಿನ ಬಿಳಿ ಮೊಲಕ್ಕೆ!

ಡಾಕ್ಟರ್ ರೈಲಿ ಬಲಗಣ್ಣಿನ ಬಿಳಿಯಲ್ಲಿ
ಕಿಂಡಿ ಕೊರೆಯುತ್ತಾಳೆ, ಸಾಸಿವೆಯೂ ಹೊಗದಷ್ಟು,
ಒಳಗೆ ಒತ್ತುವ ನೀರು ಹೊರಗೆ ಜಿನುಗಲೆಂದು.
ಎಡಗಣ್ಣು ಮುಟ್ಟುವುದಿಲ್ಲ. ಅದು ಹೋಲಿಕೆಗೆ.
ಒಂದು ಕಣ್ಣು ಕಕ್ಷಿ, ಇನ್ನೊಂದು ಸಾಕ್ಷಿ,
ನಡುವೆ ಬರೀ ಮೂಗು,
ಅದೂ ಅದುರುತ್ತಲೇ ಇರುವ ಮೂಗು.

ಮೊಲದ ಮೈ ಬಲು ಚುರುಕು.
ಎರಡು ವಾರ ಸಾಕು, ಕಿಂಡಿ ಮುಚ್ಚಿ
ಏನೂ ಆಗೇ ಇಲ್ಲ ಎನ್ನುವಂತೆ ಕೂರುತ್ತದೆ.
ಅದಕ್ಕೇ ಮೊಲ ಬೇಕು ನಮಗೆ:
ಮನುಷ್ಯರ ಕಣ್ಣಲ್ಲಿ ನಿಧಾನಕ್ಕೆ ಬರುವ ಸೋಲು
ಇಲ್ಲಿ ಬೇಗ ಕೈಗೆ ಸಿಗುತ್ತದೆ.
ಮುಚ್ಚದ ಹಾಗೆ ಕಾಯುವ ಮದ್ದು ಹುಡುಕುತ್ತಿದ್ದಾರೆ.
ನಾನು ಹನಿ ಹಾಕುತ್ತೇನೆ, ದಿನಕ್ಕೆ ನಾಲ್ಕು ಸಲ.
ಬಾಟಲಿಯ ಮೇಲೆ ಒಂದೇ ಒಂದು ಅಕ್ಷರ.
ಮದ್ದೋ ಬರೀ ಉಪ್ಪುನೀರೋ, ನನಗೆ ತಿಳಿಯಬಾರದು;
ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಯಾರೂ ಸಾಧಿಸದಿರಲೆಂದು
ನನ್ನ ಕಣ್ಣಿಗೂ ಒಂದು ಪಟ್ಟಿ ಕಟ್ಟಿದ್ದಾರೆ.

ಮಾಯಲಿ ಮಾಯಲಿ ಎಂದು ಅಮ್ಮ
ತರಚಿದ ಮೊಣಕಾಲಿಗೆ ಊದುತ್ತಿದ್ದಳು.
ನಾನು ಊದುವುದು ಹಿಂದುಮುಂದು:
ಮಾಯದಿರು, ಗಾಯವೇ,
ಇನ್ನೊಂದು ವಾರ ಮಾಯದಿರು.

ಭಾನುವಾರ. ಸರೋವರ ನಡೆಯುವಷ್ಟು ಗಟ್ಟಿ.
ಕೆಳಮನೆಯ ಟೌನೊ, ಎಪ್ಪತ್ತಾರು, ಬೈರಿಗೆ ತಿರುಗಿಸಿ
ಹಿಮಗಡ್ಡೆಯಲ್ಲಿ ತೂತು ಕೊರೆದು ಗಾಳ ಬಿಟ್ಟಿದ್ದ.
ನಿನ್ನೆಯ ತೂತು ಪಕ್ಕದಲ್ಲೇ, ರಾತ್ರಿ ಮುಚ್ಚಿಕೊಂಡಿತ್ತು,
ಒಂದು ಉಬ್ಬಿದ ಕಲೆ.
ಅವನ ಎಡಕ್ಕೆ ಹೋಗಿ ಕೂತೆ. ಕೂತದ್ದು ಗೊತ್ತಾಗಲಿಲ್ಲ ಅವನಿಗೆ.
ಕೆಮ್ಮಿದೆ. ಬೆಚ್ಚಿದ. ನಕ್ಕ.
'ಅಂಚೆಲ್ಲ ತಿಂದುಹೋಗಿದೆ. ಒತ್ತಡ.
ಎರಡು ಸಲ ತೂತು ಮಾಡಿದರು, ಎರಡು ಸಲವೂ ಮುಚ್ಚಿತು.'
ಜರಡಿ ಸೌಟಿನಿಂದ ಚೂರುಗಡ್ಡೆ
ಎತ್ತಿ ಎತ್ತಿ ಚೆಲ್ಲುತ್ತಿದ್ದ, ತೆರೆದಿಡುವುದೇ ಕೆಲಸವಾಗಿ.
ಮೀನು ಬರಲಿಲ್ಲ.
'ನೀನು ಏನು ಮಾಡಿಕೊಂಡಿದ್ದೀ ಎಂದಿದ್ದೆ?'
'ಮೊಲ ನೋಡಿಕೊಳ್ಳುತ್ತೇನೆ.'
'ಒಳ್ಳೆಯದು' ಎಂದ.
ಅವನಿಗೆ ಹುರುಳಿ ಹಾಕಿದ ಸಾರು ನೆನಪಾಗಿರಬೇಕು,
ಅಥವಾ ಏನೂ ಇಲ್ಲ.

ಇಪ್ಪತ್ತೆಂಟನೇ ದಿನ. ಟವೆಲು. ಕಿವಿ ಬೆನ್ನಿಗೆ.
ಒತ್ತಡ ಅಳೆಯುವ ಕಡ್ಡಿ ಆರು ಸಲ ತಟ್ಟಿತು, ರೆಪ್ಪೆಗೂ ತಿಳಿಯದಂತೆ:
ಹನ್ನೊಂದು.
ಕಿಂಡಿ ತೆರೆದೇ ಇದೆ. ರೈಲಿ ಮಾಸ್ಕಿನೊಳಗೆ ಏನೋ ಅಂದಳು,
ಸಂತೋಷದಂಥದ್ದು.
ಬರೆದುಕೊಂಡೆ. ಸೂಜಿಯ ಸರದಿಯೂ ಇವತ್ತು ನನ್ನದೇ.
ನಿದ್ದೆ ಮೊದಲು, ಆಮೇಲೆ ಇನ್ನೂ ಆಳದ ನಿದ್ದೆ;
ಮೂಗು ನಿಲ್ಲುವ ತನಕ ಅಂಗೈ ತೆಗೆಯಲಿಲ್ಲ.
ಎರಡು ಕಣ್ಣು, ಎರಡು ಸೀಸೆ.
ಸಾಕ್ಷಿಯನ್ನೂ ಬಿಡುವುದಿಲ್ಲ.

ಪಿಹ್ಲಾ ಕೇಳಿದಳು: 'ಹಾಗಾದರೆ ಮದ್ದು ಗೆದ್ದಿತಾ?'
ಗೊತ್ತಿಲ್ಲ. ಅಕ್ಷರದ ಗುಟ್ಟು ಮಾರ್ಚಿನ ತನಕ ಒಡೆಯುವುದಿಲ್ಲ.
ಉಪ್ಪುನೀರೇ ಆಗಿದ್ದರೆ,
ಮಾಯದೆ ನಿಂತದ್ದು ಆ ಮೊಲದ ಹಟ ಮಾತ್ರ.

ಟವೆಲು ಅರವತ್ತು ಡಿಗ್ರಿಯಲ್ಲಿ ತಿರುಗುತ್ತಿದೆ.
ನಾಳೆ ಹದಿನೆಂಟು.