ಅರ್ಧ ಮನೆ ಕೆಳಗೆ

ಶನಿವಾರ ಮಧ್ಯಾಹ್ನ ಫೋನು, ಸಾಲಿನ್ಸ್ ಮೇಷ್ಟ್ರದು:
‘ನಂಜೇಶಪ್ಪ, ಕರುಳು ಕಿತ್ತುಹೋಯಿತು!’
ಬಳೇಪೇಟೆಯ ಅಂಗಡಿಯಲ್ಲಿ ಕೂತು
ವೀಣೆಯ ಮೆಟ್ಟಿಲಿಗೆ ಮೇಣ ಕಾಯಿಸುತ್ತಿದ್ದವನು
ಗಾಬರಿಬಿದ್ದು ಎದ್ದೆ. ಯಾರಿಗೆ? ಯಾವ ಆಸ್ಪತ್ರೆ?
ಆಮೇಲೆ ತಿಳಿಯಿತು, ವಯೋಲಾದ್ದು.

ಮುನ್ನೂರು ವರ್ಷದ ಹಿಂದಿನ ದೇವರ ಹಾಡು,
ಆ ಕಾಲದ್ದೇ ವಾದ್ಯ, ಆ ಕಾಲದ್ದೇ ತಂತಿ.
ಉಕ್ಕು ಕೂಡದಂತೆ, ನೈಲಾನು ಮೈಲಿಗೆಯಂತೆ.
ವಿಮಾನದಲ್ಲಿ ಮಗುವಿನ ಹಾಗೆ ತಂದ ಹೆಚ್ಚುವರಿ ಎಳೆಗಳನ್ನು
ನಮ್ಮೂರ ಹವೆ ಮೂರೇ ದಿನಕ್ಕೆ ಮುಗಿಸಿತ್ತು:
ಬೆಳಗ್ಗೆ ಬಿಗಿ, ಸಂಜೆ ಮೋಡಕ್ಕೆ ಸಡಿಲ,
ರಾತ್ರಿ ಟಪ್ಪೆಂದು ಎರಡು ತುಂಡು.

ಟ್ಯಾನರಿ ರೋಡಿಗೆ ಸ್ಕೂಟರು ತಿರುಗಿಸಿದೆ.
ಸಾರಂಗಿಯ ಇಮಾಮ್‌ಹುಸೇನರು ಹೋಗಿ ಹನ್ನೊಂದು ವರ್ಷ.
ಮೊಮ್ಮಗಳು ಮಹಜಬೀನ್ ಬಿಸ್ಕತ್ತಿನ ಡಬ್ಬಿ ತೆರೆದಳು:
ಸುರುಳಿ ಸುತ್ತಿಟ್ಟ ಕರುಳು, ಬೆಲ್ಲದ ಪಾಕದ ಎಳೆಯ ಬಣ್ಣ,
ಮೂಸಿದರೆ ಇನ್ನೂ ಸಣ್ಣಗೆ ಕುರಿ.
‘ಕಾಸು ಬೇಡ. ಬಾರಿಸುವಾಗ ನನ್ನನ್ನೂ ಕರೀರಿ,
ತಾತ ಏನು ಹೇಳ್ತಾರೋ ಕೇಳಬೇಕು.’

ಕೊರಳಲ್ಲಿ ಲಿಂಗ, ಬೆರಳಲ್ಲಿ ಕರುಳು.
ಮನೆಯಲ್ಲಿ ಹೇಳಲಿಲ್ಲ.

ಭಾನುವಾರ ಸಂಜೆ ಚರ್ಚಿನ ಕೊನೆಯ ಬೆಂಚಿನಲ್ಲಿ ನಾವಿಬ್ಬರು,
ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತು.
ಮುಂದೆ ಹಾರ್ಪ್ಸಿಕಾರ್ಡು, ಪಿಯಾನೋದ ಬಡಕಲು ಅಜ್ಜಿ.
ಅದರ ತಂತಿ ಮೀಟುವುದು ಕಾಗೆಯ ಗರಿಯಂತೆ.
ಎದುರುಮನೆ ಜೋಯಿಸರು ಪಿಂಡವಿಟ್ಟು
ತಾರಸಿಯಲ್ಲಿ ಕಾ ಕಾ ಎಂದು ಕೂಗಿ ಸುಸ್ತಾದರಲ್ಲ,
ಆ ಕಾಗೆ ಇಲ್ಲಿ ಬಂದು ಕೂತಿದೆ.

ತುತ್ತೂರಿಗೆ ಗುಂಡಿಯಿಲ್ಲ, ತೂತಿಲ್ಲ,
ಉದ್ದಕ್ಕೂ ಹಿತ್ತಾಳೆ, ತುದಿಗೆ ಊದುವವನ ಪ್ರಾಣ.
ಎತ್ತರದ ಸ್ವರಕ್ಕೆ ನೆಗೆದು ಒಮ್ಮೆ ಜಾರಿತು,
ಎಳೆಗರು ಹೊಸಲು ಎಡವಿದ ಹಾಗೆ.
ಪಕ್ಕದ ಹುಡುಗ ಕಿಸಕ್ಕೆಂದ,
ಊದುವವನೂ ನಕ್ಕ, ಕಣ್ಣಲ್ಲೇ.

ಶುರುವಿನಿಂದಲೂ ನನ್ನ ಕಿವಿ ತಡಕಾಡುತ್ತಿತ್ತು:
ಎಲ್ಲಿ ಷಡ್ಜ? ಶ್ರುತಿಪೆಟ್ಟಿಗೆ ಹೇಳುವಲ್ಲಿ ಇಲ್ಲ,
ಅರ್ಧ ಮನೆ ಕೆಳಗೆ ಇಳಿದು ಕೂತಿದೆ.
ಆಗೆಲ್ಲ ಹಾಗೇ ಇತ್ತಂತೆ, ಮೇಷ್ಟ್ರು ಹೇಳಿದ್ದರು,
ಆಮೇಲೆ ಲೋಕ ಬಿಗಿದು ಬಿಗಿದು ಮೇಲೆ ಹೋಯಿತಂತೆ.
ಅವ್ವ ನೆನಪಾದಳು. ಅರವತ್ತು ದಾಟಿದ ಮೇಲೆ ಒಂದು ಸೋಮವಾರ
ಭಜನೆಗೆ ಕೂತವಳು ನಡುವೆ ನಿಲ್ಲಿಸಿ ಅಂದಿದ್ದಳು:
‘ಇಷ್ಟು ಎತ್ತರಕ್ಕೆ ಶಿವ ಸಿಗಲ್ಲ ಕಣೋ, ಇಳಿಸು.’
ಬಿರಡೆ ತಿರುಗಿಸುತ್ತ ನಾನು ಗೊಣಗಿದ್ದೆ.
ಏನೆಂದು ಗೊಣಗಿದ್ದೆ ಎಂಬುದೂ ನೆನಪಿದೆ.

ಐದನೆಯದೋ ಆರನೆಯದೋ: ಒಬ್ಬಳೇ ಹೆಂಗಸು,
ದಪ್ಪ ಕನ್ನಡಕ, ನೆಗಡಿಗೆ ಸುತ್ತಿಕೊಂಡ ಮಫ್ಲರು,
ಜೊತೆಗೆ ವಯೋಲಾ ಒಂದೇ.
ಹಾಡು ಜರ್ಮನ್, ಹಾಳೆಯಲ್ಲಿ ಮೇಷ್ಟ್ರ ಕನ್ನಡ:
‘ದೇವರ ಕುರಿಮರಿಯೇ, ನೀನು ಅರಚಲಿಲ್ಲ,
ನಿನ್ನ ಬದಲು ನಾನು ಕೂಗಲೇ.’
ಮಹಜಬೀನ್ ಓದಿದಳು. ನನ್ನತ್ತ ನೋಡಿದಳು.
ನಾನು ಹಾಳೆ ಮಡಿಚಿದೆ.

ಆ ಎಳೆ ಇತ್ತಲ್ಲ, ಬಿಸ್ಕತ್ತಿನ ಡಬ್ಬಿಯದು,
ಯಾವುದೋ ಕೆರೆಯಂಗಳದ ಗರಿಕೆ ಮೇಯ್ದದ್ದು,
ಸಂತೆಯಲ್ಲಿ ಹಲ್ಲು ಎಣಿಸಿ ಮಾರಿದ್ದು,
ಠುಮ್ರಿಗೆಂದು ಹೊಸೆದದ್ದು,
ಹನ್ನೊಂದು ವರ್ಷ ಕತ್ತಲಲ್ಲಿ ಮುದುರಿ ಮಲಗಿದ್ದು,
ಸಣ್ಣಗೆ, ಒರಟಾಗಿ,
ಗಂಟಲು ಕಟ್ಟಿದವರು ಬಾಗಿಲಲ್ಲಿ ನಿಂತು ಮಾತಾಡುವಂತೆ
ಬಾಯಿ ಬಿಟ್ಟಿತು.

‘ತಾತ ಅಲ್ಲ,’ ಪಿಸುಗುಟ್ಟಿದಳು. ಸ್ವಲ್ಪ ಹೊತ್ತು ಬಿಟ್ಟು,
‘ಕುರಿ.’

ಚಪ್ಪಾಳೆ ತಟ್ಟಬಹುದೋ ಬಾರದೋ ಯಾರಿಗೂ ಗೊತ್ತಿರಲಿಲ್ಲ.
ಹೊರಗೆ ಬಿಎಂಟಿಸಿ ಬಸ್ಸೊಂದು ಬ್ರೇಕು ಹಾಕಿ
ಆ ಪ್ರಶ್ನೆ ಮುಗಿಸಿತು.

ಸೋಮವಾರ ಅಂಗಡಿ ತೆರೆದರೆ ಯಾರದೋ ತಂಬೂರಿ,
‘ಐದು ಮನೆಗೆ ಬಿಗಿಮಾಡಿ ಕೊಡಿ’ ಎಂದು ಚೀಟಿ.
ಒಯ್ಯಲು ಬರುವುದು ಸಂಜೆ ಆರಕ್ಕೆ.
ಅಲ್ಲಿಯವರೆಗೆ
ಅರ್ಧ ಮನೆ ಇಳಿಸಿಟ್ಟುಕೊಂಡಿದ್ದೇನೆ.